ಭಾರದ ಸೈಕಲ್, ಹಗುರ ಸೈಕಲ್: ಹುಬ್ಬಳ್ಳಿ-ಧಾರವಾಡದ ರಸ್ತೆಗೆ ಯಾವುದು?

ಬ್ಯಾಟರಿ ಸೈಕಲ್ ಕೊಳ್ಳಬೇಕೆಂದು ವಿಚಾರ ಮಾಡುತ್ತಿರುವವರು ಸಾಮಾನ್ಯವಾಗಿ ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಕೇಳುತ್ತಾರೆ. ತೂಕ ಎಷ್ಟು ಎಂದು ಅಂಗಡಿಯಲ್ಲಿ ನಿಂತು ಕೇಳಿದವರನ್ನು ನಾನು ಕಂಡಿಲ್ಲ. ತೂಕದ ಮಾತು ಹೊರಡುವುದು ಸೈಕಲ್ಲನ್ನು ಮನೆಗೆ ತಂದು, ಗಟಾರದ ಮೇಲಿನ ಕಲ್ಲುಚಪ್ಪಡಿ ದಾಟಿಸಿ, ಕಟ್ಟೆಯ ಮೆಟ್ಟಿಲು ಹತ್ತಿಸಿ ಪಡಸಾಲೆಯಲ್ಲಿ ನಿಲ್ಲಿಸಬೇಕಾದಾಗ. ಅಲ್ಲಿಂದ ಮುಂದೆ ಆ ಸೈಕಲ್ಲಿನಲ್ಲಿ ಯಾವ ಕೊರತೆ ಕಂಡರೂ ಅದನ್ನು ತೂಕದ ತಲೆಗೇ ಕಟ್ಟುವ ರೂಢಿ ಬೆಳೆಯುತ್ತದೆ: ಏರು ಹತ್ತಲಿಲ್ಲವೆಂದರೆ ತೂಕ, ಬ್ರೇಕ್ ಸರಿಯಾಗಿ ಹಿಡಿಯಲಿಲ್ಲವೆಂದರೆ ತೂಕ, ಬ್ಯಾಟರಿ ಬೇಗ ಇಳಿಯಿತೆಂದರೆ ತೂಕ. ಈ ಆರೋಪಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಹುಬ್ಬಳ್ಳಿ-ಧಾರವಾಡದ ರಸ್ತೆಗಳ ಲೆಕ್ಕದಲ್ಲಿ ಇಲ್ಲಿ ನೋಡಲು ಬಯಸುತ್ತೇನೆ.

ಎರಡೂ ಬಗೆಯ ಸೈಕಲ್ಲುಗಳನ್ನು ತುಳಿಯುವ ಅವಕಾಶ ನನಗೆ ಸಿಕ್ಕಿದೆ. ನನ್ನದು ನಲವತ್ತು ಸಾವಿರ ರೂಪಾಯಿಯೊಳಗೆ ಬಂದದ್ದು. ತೂಕ 25 ಕಿಲೋದಷ್ಟಿದೆ, ಮೋಟಾರು ಹಿಂದಿನ ಗಾಲಿಯ ಹಬ್‌ನಲ್ಲಿ, ಅಂದರೆ ಗಾಲಿಯ ನಡುಗುಂಬದಲ್ಲಿದೆ, ಬ್ಯಾಟರಿ 36 ವೋಲ್ಟಿನ 10 ಆಂಪಿಯರ್-ಅವರ್, ಅಂದರೆ ಒಟ್ಟು 360 ವ್ಯಾಟ್-ಅವರ್ ವಿದ್ಯುತ್ತು ಹಿಡಿಯುವಂಥದ್ದು. ಧಾರವಾಡದ ಸಪ್ತಾಪುರದಲ್ಲಿರುವ ನನ್ನ ಷಡ್ಡಕರದು ಹೊರದೇಶದ ಕಂಪನಿಯದು. ತೂಕ 15 ಕಿಲೋದ ಆಸುಪಾಸು, ಬೆಲೆ ಎರಡು ಲಕ್ಷದ ಮೇಲೆ. ರವಿವಾರಗಳಲ್ಲಿ ನಾವಿಬ್ಬರೂ ಸೈಕಲ್ಲು ಬದಲಿಸಿಕೊಂಡು ಕೆಲಗೇರಿ ಕೆರೆಯ ಕಡೆಗೋ ನುಗ್ಗಿಕೇರಿಯ ಕಡೆಗೋ ಹೋಗಿ ಬರುವುದುಂಟು. "ಅಳಿಯಂದ್ರ, ಎರಡು ಲಕ್ಷ ಕೊಟ್ಟು ಮತ್ತ ಪೆಡಲ್ ತುಳಿಯೂದಂದ್ರ ಏನ್ರಿ ಅದು? ಆ ರೊಕ್ಕಕ್ಕ ಸ್ಕೂಟರ್ ಬರ್ತಿತ್ತಲ್ಲ" ಎಂಬುದು ನಮ್ಮ ಮಾವನವರ ಪ್ರಶ್ನೆ. ಅದಕ್ಕೆ ಷಡ್ಡಕರು ಇನ್ನೂ ಸಮಾಧಾನಕರವಾದ ಉತ್ತರ ಕೊಟ್ಟಿಲ್ಲ, ಮಾವನವರು ಕೇಳುವುದನ್ನು ಬಿಟ್ಟೂ ಇಲ್ಲ.

ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ವೇಗ ಸಿಗುತ್ತದೆ ಎಂಬ ಭಾವನೆಯನ್ನು ಮೊದಲೇ ತೆಗೆದುಹಾಕುವುದು ಒಳ್ಳೆಯದು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಬ್ಯಾಟರಿಯ ದ್ವಿಚಕ್ರವೊಂದು ಮೋಟಾರು ವಾಹನವೆಂದು ಪರಿಗಣಿತವಾಗದೆ ಇರಬೇಕಾದರೆ ಅದರ ಮೋಟಾರಿನ ಮೂವತ್ತು ನಿಮಿಷದ ಶಕ್ತಿ (ಅರ್ಧ ಗಂಟೆ ಸತತವಾಗಿ ಕೊಡಬಲ್ಲ ಶಕ್ತಿ) 0.25 ಕಿಲೋವ್ಯಾಟಿಗಿಂತಲೂ, ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರಿಗಿಂತಲೂ ಕಡಿಮೆಯಿರಬೇಕು. ನೋಂದಣಿಯಿಲ್ಲದೆ, ಲೈಸನ್ಸಿಲ್ಲದೆ ಓಡಿಸಬಹುದಾದ ಸೈಕಲ್ಲು, ಅದು ಮೂವತ್ತು ಸಾವಿರದ್ದಿರಲಿ ಮೂರು ಲಕ್ಷದ್ದಿರಲಿ, ಈ ಮಿತಿಯೊಳಗೇ ಇರಬೇಕು. ಆದುದರಿಂದ ಉಣಕಲ್‌ನಿಂದ ನವನಗರದವರೆಗಿನ ಸಪಾಟು ರಸ್ತೆಯಲ್ಲಿ ನನ್ನ ಷಡ್ಡಕರು ನನ್ನನ್ನು ಹಿಂದೆ ಹಾಕಬೇಕಾದರೆ ತಮ್ಮ ಕಾಲಿನ ಬಲದಿಂದಲೇ ಹಾಕಬೇಕು. ಕೆಲವು ಅಂಗಡಿಗಳಲ್ಲಿ "ವೇಗದ ಲಾಕ್ ತೆಗೆದುಕೊಡುತ್ತೇವೆ, ನಲವತ್ತರ ಮೇಲೆ ಓಡುತ್ತದೆ" ಎಂಬ ಮಾತು ಕೇಳಿಬರುತ್ತದೆ. ಹಾಗೆ ತೆಗೆಸಿಕೊಂಡ ದಿನದಿಂದ ಅದು ಕಾಯಿದೆಯ ಕಣ್ಣಿನಲ್ಲಿ ನೋಂದಣಿಯಿಲ್ಲದ, ವಿಮೆಯಿಲ್ಲದ ಮೋಟಾರು ವಾಹನ. ಅಪಘಾತವಾದಾಗ ಅದರ ಬೆಲೆ ತಿಳಿಯುತ್ತದೆ.

ಈಗ ಏರಿನ ಮಾತು. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದೂರದ ಧಾರವಾಡ ಎತ್ತರದ ಜಾಗದಲ್ಲಿದೆ. ದಾರಿಯಲ್ಲಿ ಸತ್ತೂರು, ನವಲೂರುಗಳ ಆಸುಪಾಸಿನಲ್ಲಿ ಏರುತಗ್ಗುಗಳಿವೆ. ಧಾರವಾಡವನ್ನು ಮುಟ್ಟಿದ ಮೇಲಂತೂ ಊರೇ ಗುಡ್ಡಗಳ ಮೇಲೆ ಹರಡಿಕೊಂಡಿದೆ. 70 ಕಿಲೋ ತೂಕದ ಸವಾರನೊಬ್ಬ ನೂರಕ್ಕೆ ಐದರಷ್ಟು ಏರಿರುವ ರಸ್ತೆಯನ್ನು ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಹತ್ತಬೇಕಾದರೆ, ಮೇಲಕ್ಕೆತ್ತುವ ಕೆಲಸವೊಂದಕ್ಕೇ 25 ಕಿಲೋದ ಸೈಕಲ್ಲಿನಲ್ಲಿ ಸುಮಾರು 155 ವ್ಯಾಟ್, 15 ಕಿಲೋದ ಸೈಕಲ್ಲಿನಲ್ಲಿ ಸುಮಾರು 139 ವ್ಯಾಟ್ ಶಕ್ತಿ ಬೇಕು. ನಡುವಿನ ಅಂತರ 16 ವ್ಯಾಟ್. ಮೋಟಾರು ನಡೆಯುತ್ತಿರುವಾಗ ಈ ಅಂತರ ಕಾಲಿಗೆ ತಿಳಿಯುವುದೇ ಇಲ್ಲ. ಬ್ಯಾಟರಿಯ ಲೆಕ್ಕವನ್ನು ತೆಗೆದುಕೊಂಡರೂ ಇದೇ ಕಥೆ: ನೂರು ಮೀಟರ್ ಎತ್ತರವನ್ನು ಏರಲು ಭಾರದ ಸೈಕಲ್ಲಿಗೆ ಸವಾರನ ಸಮೇತ ಸುಮಾರು 26 ವ್ಯಾಟ್-ಅವರ್, ಹಗುರದ್ದಕ್ಕೆ 23. ಮೋಟಾರಿನಲ್ಲಾಗುವ ನಷ್ಟವನ್ನು ಸೇರಿಸಿದರೂ 360 ವ್ಯಾಟ್-ಅವರಿನ ಬ್ಯಾಟರಿಯಲ್ಲಿ ಹತ್ತು ಕಿಲೋ ಹೆಚ್ಚಿನ ತೂಕ ತಿನ್ನುವುದು ನೂರಕ್ಕೆ ಒಂದು ಪಾಲಿನ ಆಸುಪಾಸು ಮಾತ್ರ.

ಹಾಗಾದರೆ ಬ್ಯಾಟರಿ ಬೇಗ ಇಳಿಯುವುದೇಕೆ? ನಮ್ಮ ಭಾಗದಲ್ಲಿ ಇದಕ್ಕೆ ದೊಡ್ಡ ಕಾರಣ ಗಾಳಿ. ಆಷಾಢದ ದಿನಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವನ ಎದೆಗೇ ಬಡಿಯುತ್ತದೆ; ಗದಗಿನ ಕಪ್ಪತಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಗಾಳಿಯಿಲ್ಲದ ದಿನ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ನೆಟ್ಟಗೆ ಕುಳಿತು ಹೋಗುವ ಸವಾರ ಗಾಳಿಯನ್ನು ಸೀಳಲು ವ್ಯಯಿಸುವ ಶಕ್ತಿ ಸುಮಾರು 50 ವ್ಯಾಟ್ ಇದ್ದರೆ, ಎದುರಿನಿಂದ ಗಂಟೆಗೆ 15 ಕಿಲೋಮೀಟರಿನ ಗಾಳಿ ಬೀಸಿದಾಗ ಅದೇ ವೇಗಕ್ಕೆ ಸುಮಾರು 150 ವ್ಯಾಟ್ ಬೇಕಾಗುತ್ತದೆ. ಸಪಾಟು ರಸ್ತೆಯಲ್ಲಿ ಹತ್ತು ಕಿಲೋ ಹೆಚ್ಚಿನ ತೂಕದಿಂದಾಗುವ ವ್ಯತ್ಯಾಸ ಐದಾರು ವ್ಯಾಟ್. ಸೈಕಲ್ಲು ಎಷ್ಟೇ ಹಗುರವಾಗಿದ್ದರೂ ಸವಾರನ ಎದೆಯ ಅಗಲ ಕಡಿಮೆಯಾಗುವುದಿಲ್ಲ. ಎರಡನೆಯ ಕಾರಣ ಪೆಡಲ್ ತುಳಿಯದೆ, ಸ್ಕೂಟರಿನಂತೆ ಹಿಡಿಕೆಯ ಥ್ರಾಟಲನ್ನೇ ತಿರುಗಿಸಿಕೊಂಡು ಹೋಗುವುದು. ತುಳಿಯುತ್ತ ಹೋದರೆ ಕಿಲೋಮೀಟರಿಗೆ 8ರಿಂದ 12 ವ್ಯಾಟ್-ಅವರಿನಲ್ಲಿ ಮುಗಿಯುವ ಖರ್ಚು ಥ್ರಾಟಲಿನಲ್ಲಿ 15 ದಾಟುತ್ತದೆ. ಆಗ 360 ವ್ಯಾಟ್-ಅವರಿನ ಬ್ಯಾಟರಿ ಧಾರವಾಡವನ್ನು ಮುಟ್ಟಿಸುವ ಹೊತ್ತಿಗೆ ಕೊನೆಯ ಗೆರೆಗೆ ಬಂದಿರುತ್ತದೆ. ಹೆಸ್ಕಾಂ ವಿದ್ಯುತ್ ದರದಲ್ಲಿ ಅದನ್ನು ಪೂರ್ತಿ ತುಂಬಿಸಲು ಮೂರು ರೂಪಾಯಿಯ ಆಸುಪಾಸು ಸಾಕಾಗುವುದರಿಂದ ಖರ್ಚಿನ ಚಿಂತೆಯಿಲ್ಲ. ನಡುದಾರಿಯಲ್ಲಿ ನಿಲ್ಲುವ ಚಿಂತೆ ಮಾತ್ರ ಇದೆ.

ದುಬಾರಿ ಸೈಕಲ್ಲಿನ ನಿಜವಾದ ಸುಖ ನನಗೆ ತಿಳಿದದ್ದು ತೂಕದಲ್ಲಿ ಅಲ್ಲ, ಸೆನ್ಸರಿನಲ್ಲಿ. ಅಗ್ಗದ ಸೈಕಲ್ಲುಗಳಲ್ಲಿ ಪೆಡಲಿನ ಅಚ್ಚಿನ ಪಕ್ಕದಲ್ಲಿ ಸಣ್ಣ ಸಣ್ಣ ಅಯಸ್ಕಾಂತಗಳಿರುವ ಒಂದು ಬಿಲ್ಲೆಯನ್ನು ಕೂಡಿಸಿರುತ್ತಾರೆ. ಇದನ್ನು ಕೇಡೆನ್ಸ್ ಸೆನ್ಸರ್ ಎನ್ನುತ್ತಾರೆ. ಪೆಡಲು ತಿರುಗುತ್ತಿದೆಯೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಗೊತ್ತಾಗುತ್ತದೆಯೇ ಹೊರತು ಸವಾರ ಎಷ್ಟು ಒತ್ತುತ್ತಿದ್ದಾನೆ ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ಮೋಟಾರು ಅರ್ಧ ಸುತ್ತು ತಡವಾಗಿ ಎಚ್ಚರಗೊಳ್ಳುತ್ತದೆ, ಎಚ್ಚರಗೊಂಡ ಮೇಲೆ ಒಮ್ಮೆಲೇ ತಳ್ಳುತ್ತದೆ, ತುಳಿಯುವುದನ್ನು ನಿಲ್ಲಿಸಿದ ಮೇಲೂ ಒಂದು ಕ್ಷಣ ತಳ್ಳುತ್ತಲೇ ಇರುತ್ತದೆ. ಖಾಲಿ ರಸ್ತೆಯಲ್ಲಿ ಇದು ದೊಡ್ಡ ತೊಂದರೆಯಲ್ಲ. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ, ಸಂಜೆ ಹೊತ್ತಿನ ಸುಭಾಸ ರಸ್ತೆಯಲ್ಲಿ, ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮುಂದೆ ಒಂದು ತಳ್ಳುಗಾಡಿ, ಪಕ್ಕದಲ್ಲಿ ಒಂದು ಆಟೋ, ನಡುವೆ ರಸ್ತೆ ದಾಟುವ ಅಜ್ಜಿ ಇರುವಾಗ ಆ ಅರ್ಧ ಸುತ್ತಿನ ತಡ ಮತ್ತು ಒಂದು ಕ್ಷಣದ ಹೆಚ್ಚಿನ ತಳ್ಳು ಎರಡೂ ಎದೆ ಝಲ್ಲೆನಿಸುತ್ತವೆ. ಏರಿನ ನಡುವೆ ನಿಂತು ಮತ್ತೆ ಹೊರಡುವಾಗ ಮೊದಲ ಅರ್ಧ ಸುತ್ತನ್ನು ಬರೀ ಕಾಲಿನಿಂದಲೇ ತಳ್ಳಬೇಕಾಗುತ್ತದೆ. ಆಗ ಸೈಕಲ್ಲು ಬಹಳ ಭಾರ ಎಂದು ಬೈಯುವುದು ಸಹಜ, ಆದರೆ ಬೈಗುಳ ಸಲ್ಲಬೇಕಾದದ್ದು ಸೆನ್ಸರಿಗೆ.

ಟಾರ್ಕ್ ಸೆನ್ಸರ್ ಹೀಗಲ್ಲ. ಅದು ಕಾಲಿನ ಒತ್ತಡವನ್ನೇ ಅಳೆದು ಅದಕ್ಕೆ ತಕ್ಕಷ್ಟು ಮೋಟಾರಿನ ಬಲವನ್ನು ಸೇರಿಸುತ್ತದೆ. 1993ರಲ್ಲಿ ಜಪಾನಿನ ಯಮಹಾ ಕಂಪನಿ ಪಿಎಎಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಸೈಕಲ್ಲು ಇದೇ ತತ್ತ್ವದ ಮೇಲೆ ನಿಂತಿತ್ತು, ಬಾಷ್ ಮತ್ತು ಶಿಮಾನೊ ಕಂಪನಿಗಳು ಪೆಡಲಿನ ಅಚ್ಚಿಗೇ ಕೂಡಿಸುವ ಮೋಟಾರುಗಳಲ್ಲಿಯೂ ಇದೇ ಇದೆ. ಷಡ್ಡಕರ ಸೈಕಲ್ಲನ್ನು ತುಳಿಯುವಾಗ ಮೋಟಾರು ಇದೆಯೆಂಬುದೇ ಮರೆತುಹೋಗಿ, ಇಪ್ಪತ್ತು ವರ್ಷ ಚಿಕ್ಕವನಾದೆನೇನೋ ಅನ್ನಿಸುತ್ತದೆ. ಈ ಗುಣಕ್ಕೂ 15 ಕಿಲೋ ತೂಕಕ್ಕೂ ಸಂಬಂಧವಿಲ್ಲ ಎಂಬುದನ್ನು ಮಾತ್ರ ಗಮನಿಸಬೇಕು. ಅಮೆರಿಕದ ಸ್ಪೆಷಲೈಜ್ಡ್ ಕಂಪನಿಯ ಟರ್ಬೊ ವಾಡೊ ಎಂಬ ಮಾದರಿಯನ್ನೇ ನೋಡಿ. ಅದರ ಹಗುರ ಆವೃತ್ತಿಯಾದ ಎಸ್‌ಎಲ್ 2020ರಲ್ಲಿ ಬಂದಾಗ ಅದರ ತೂಕ 15 ಕಿಲೋದಷ್ಟು, ಬ್ಯಾಟರಿ 320 ವ್ಯಾಟ್-ಅವರ್, ಮೋಟಾರಿನ ತಿರುಚುಬಲ (ಟಾರ್ಕ್) 35 ನ್ಯೂಟನ್-ಮೀಟರ್. ಅದೇ ಕಂಪನಿಯ ಸಾಮಾನ್ಯ ವಾಡೊ 4.0 ಮಾದರಿಯಲ್ಲಿ ಬ್ಯಾಟರಿ 710 ವ್ಯಾಟ್-ಅವರ್, ತಿರುಚುಬಲ 70 ನ್ಯೂಟನ್-ಮೀಟರ್, ತೂಕ ಹೆಚ್ಚುಕಡಿಮೆ ನನ್ನ ಸೈಕಲ್ಲಿನಷ್ಟೇ. ಎರಡೂ ನಯವಾದ ಸೈಕಲ್ಲುಗಳೇ, ಎರಡರಲ್ಲೂ ಕಾಲಿನ ಒತ್ತಡವನ್ನು ಅಳೆಯುವ ವ್ಯವಸ್ಥೆಯೇ ಇದೆ. ಅಂದರೆ ಭಾರ ಎಂದರೆ ಒರಟು, ಹಗುರ ಎಂದರೆ ನಯ ಎಂಬ ಸಮೀಕರಣ ನಿಲ್ಲುವುದಿಲ್ಲ. ಹಗುರವಾಗುವುದೆಂದರೆ ಬಹುಮಟ್ಟಿಗೆ ಬ್ಯಾಟರಿ ಮತ್ತು ಮೋಟಾರು ಎರಡನ್ನೂ ಚಿಕ್ಕದು ಮಾಡುವುದು.

ಬ್ರೇಕಿನ ವಿಷಯದಲ್ಲಿ ಭಾರದ ಮೇಲಿನ ಆರೋಪದಲ್ಲಿ ಸ್ವಲ್ಪ ಸತ್ಯವಿದೆ. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿರುವ ಕರ್ನಾಟಕ ವಿಶ್ವವಿದ್ಯಾಲಯದಿಂದ ಊರ ಕಡೆಗೆ ಇಳಿಯುವಾಗ ಸವಾರನ ಸಮೇತ 95 ಕಿಲೋವನ್ನು ನಿಲ್ಲಿಸುವುದಕ್ಕೂ 85 ಕಿಲೋವನ್ನು ನಿಲ್ಲಿಸುವುದಕ್ಕೂ ನೂರಕ್ಕೆ ಹತ್ತರಿಂದ ಹನ್ನೆರಡರಷ್ಟು ವ್ಯತ್ಯಾಸವಿದೆ. ಆದರೆ ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕಿಗೂ ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಬ್ರೇಕಿಗೂ ಇರುವ ವ್ಯತ್ಯಾಸ ಇದಕ್ಕಿಂತ ದೊಡ್ಡದು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೇಬಲ್ಲಿಗೆ ತುಕ್ಕು ಹಿಡಿದ ಮೇಲೆ ಅದು ಇನ್ನೂ ಹೆಚ್ಚುತ್ತದೆ. ಅಗ್ಗದ ಸೈಕಲ್ಲಿನಲ್ಲಿಯೂ ಬ್ರೇಕ್ ಹಿಡಿಕೆಯೊಳಗೆ ಮೋಟಾರನ್ನು ತಕ್ಷಣ ನಿಲ್ಲಿಸುವ ಸ್ವಿಚ್ಚು ಇದೆಯೇ ಎಂದು ಕೊಳ್ಳುವಾಗ ನೋಡಲೇಬೇಕು. ಕೇಡೆನ್ಸ್ ಸೆನ್ಸರಿನ ಸೈಕಲ್ಲಿಗೆ ಅದಿಲ್ಲದಿದ್ದರೆ ನಾನು ಮುಟ್ಟುವುದಿಲ್ಲ.

ಬ್ಯಾಟರಿ ಖಾಲಿಯಾದಾಗ ಮಾತ್ರ ತೂಕ ತನ್ನ ಸ್ವರೂಪ ತೋರಿಸುತ್ತದೆ ಎನ್ನುವವರಿದ್ದಾರೆ. ಮೇಲಿನ ಅದೇ ಏರಿನಲ್ಲಿ ಸಾಧಾರಣ ಮನುಷ್ಯನೊಬ್ಬ ತನ್ನ ಕಾಲಿನಿಂದ 100 ವ್ಯಾಟ್ ಹಾಕಿದರೆ ಭಾರದ ಸೈಕಲ್ಲು ಗಂಟೆಗೆ ಆರು ಚಿಲ್ಲರೆ ಕಿಲೋಮೀಟರ್, ಹಗುರದ್ದು ಏಳು ಚಿಲ್ಲರೆ ಕಿಲೋಮೀಟರ್ ವೇಗದಲ್ಲಿ ಹತ್ತುತ್ತದೆ. ಗೇರಿಲ್ಲದಿದ್ದರೆ ಆ ವೇಗದಲ್ಲಿ ಇಬ್ಬರೂ ಕೆಳಗಿಳಿದು ತಳ್ಳುವವರೇ. ಅಲ್ಲಿ ಕೈಹಿಡಿಯುವುದು ಗೇರು. ಗೇರಿಲ್ಲದ ಒಂಟಿ ಹಲ್ಲುಚಕ್ರದ ಸೈಕಲ್ಲು ಎಷ್ಟು ಹಗುರವಾಗಿದ್ದರೂ ಏರಿನಲ್ಲಿ ಮೊಣಕಾಲು ತೆಗೆಯುತ್ತದೆ, ಏಳು ಗೇರಿನ ಭಾರದ ಸೈಕಲ್ಲು ನಿಧಾನವಾಗಿಯಾದರೂ ಹತ್ತಿಸುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ತೂಕ ನಿಜವಾಗಿಯೂ ಕಾಡುವ ಜಾಗವೊಂದಿದೆ. ಅದು ರಸ್ತೆಯಲ್ಲ, ಮನೆ. ಸೈಕಲ್ಲು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವುದನ್ನು ಕೊಳ್ಳಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆ. ಹಳೇ ಹುಬ್ಬಳ್ಳಿಯಲ್ಲಿಯೋ ಧಾರವಾಡದ ಹಳೆಯ ಓಣಿಗಳಲ್ಲಿಯೋ ಇರುವ ಮನೆಗಳಿಗೆ ಕಟ್ಟೆಯಿದೆ, ಒಳಗೆ ಪಡಸಾಲೆಯಿದೆ. ಎರಡು ಮೂರು ಮೆಟ್ಟಿಲಿಗೆ ಒಂದು ಹಲಗೆಯನ್ನು ಓರೆಯಾಗಿಟ್ಟು, ಬಹಳಷ್ಟು ಸೈಕಲ್ಲುಗಳಲ್ಲಿರುವ, ನಡಿಗೆಯ ವೇಗದಲ್ಲಿ ಮೋಟಾರನ್ನು ಓಡಿಸುವ ಗುಂಡಿಯನ್ನು ಒತ್ತಿದರೆ 25 ಕಿಲೋದ ಸೈಕಲ್ಲು ತಾನಾಗಿಯೇ ಹತ್ತುತ್ತದೆ. ವಿದ್ಯಾನಗರದ, ಗೋಕುಲ ರಸ್ತೆಯ ಅಪಾರ್ಟ್‌ಮೆಂಟುಗಳಲ್ಲಿ ಎರಡನೆಯ ಮೂರನೆಯ ಮಹಡಿಯಲ್ಲಿರುವವರ ಪಾಡು ಬೇರೆ. ಲಿಫ್ಟಿಲ್ಲದ ಕಟ್ಟಡದಲ್ಲಿ, ತಿರುವಿರುವ ಮೆಟ್ಟಿಲಲ್ಲಿ, 25 ಕಿಲೋದ ಉದ್ದನೆಯ ವಸ್ತುವನ್ನು ಗೋಡೆಗೆ ತಾಗದಂತೆ ದಿನಾ ಎತ್ತಿಕೊಂಡು ಹೋಗುವುದು ನಲವತ್ತು ದಾಟಿದವರ ಸೊಂಟಕ್ಕೆ ಹೇಳಿದ ಕೆಲಸವಲ್ಲ.

ಇಷ್ಟು ನೋಡಿದರೆ ಮಹಡಿಯವರಿಗೆ ಹಗುರವಾದದ್ದೇ ಸರಿ ಎಂದು ತೋರುತ್ತದೆ. ಆದರೆ ಇಲ್ಲೊಂದು ಗಂಟು ಇದೆ. ಅಗ್ಗದ ಸೈಕಲ್ಲುಗಳಲ್ಲಿ ಹಲವಕ್ಕೆ ಬ್ಯಾಟರಿ ಹೊರಗಡೆ, ಕೀಲಿ ತಿರುಗಿಸಿದರೆ ಕೈಗೆ ಬರುವಂತೆ ಇರುತ್ತದೆ. ಎರಡೂವರೆ ಮೂರು ಕಿಲೋದ ಆ ಬ್ಯಾಟರಿಯನ್ನು ಚೀಲದಲ್ಲಿ ಹಾಕಿಕೊಂಡು ಮೇಲೆ ಹೋಗಿ ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಬಹುದು, ಸೈಕಲ್ಲು ಕೆಳಗೇ ಇರುತ್ತದೆ. ಹಗುರ ಸೈಕಲ್ಲುಗಳಲ್ಲಿ ಬಹಳಷ್ಟಕ್ಕೆ ಬ್ಯಾಟರಿಯನ್ನು ಚೌಕಟ್ಟಿನ ಕೊಳವೆಯೊಳಗೆ ಅಡಗಿಸಿರುತ್ತಾರೆ, ಮನೆಯಲ್ಲಿ ಅದನ್ನು ತೆಗೆಯಲು ಬರುವುದಿಲ್ಲ. ಆದುದರಿಂದ ಚಾರ್ಜಿಗೋಸ್ಕರ ಇಡೀ ಸೈಕಲ್ಲನ್ನೇ ಪ್ಲಗ್ಗಿನ ಹತ್ತಿರ ಒಯ್ಯಬೇಕು. ಒಂದು ಕಡೆ ಮೂರು ಕಿಲೋ, ಇನ್ನೊಂದು ಕಡೆ ಹದಿನೈದು ಕಿಲೋ: ಮೆಟ್ಟಿಲಿನ ಮಟ್ಟಿಗೆ ಗೆದ್ದದ್ದು ಭಾರದ ಸೈಕಲ್ಲೇ. ಅದರ ಜೊತೆಗೆ ಎರಡು ಲಕ್ಷದ ಸೈಕಲ್ಲನ್ನು ಕೆಳಗೆ ಸರಪಳಿ ಹಾಕಿ ಬಿಟ್ಟು ಮೇಲೆ ನಿದ್ದೆ ಮಾಡುವ ಧೈರ್ಯ ಎಷ್ಟು ಜನರಿಗಿದೆ? ಷಡ್ಡಕರು ಸಂತೆಗೆ ಹೋಗುವಾಗ ಆ ಸೈಕಲ್ಲನ್ನು ಒಯ್ಯುವುದೇ ಇಲ್ಲ, ಕಾಯಿಪಲ್ಲೆ ತರಲು ಹಳೆಯ ಸ್ಕೂಟರ್ ಹೊರಡುತ್ತದೆ. ಕೆಳಗೆ ಸುರಕ್ಷಿತ ಜಾಗವೇ ಇಲ್ಲದವರಿಗೆ, ಇಡೀ ಸೈಕಲ್ಲನ್ನು ದಿನಾ ಮೇಲೊಯ್ಯದೆ ಗತಿಯಿಲ್ಲದವರಿಗೆ ಮಾತ್ರ ಹಗುರ ಸೈಕಲ್ಲಿನ ಬೆಲೆಗೆ ಅರ್ಥವಿದೆ.

ದುರಸ್ತಿಯ ಮಾತು ಬಂದರೆ ನಮ್ಮಂಥ ಊರುಗಳಲ್ಲಿ ತಕ್ಕಡಿ ಇನ್ನಷ್ಟು ವಾಲುತ್ತದೆ. ಹಬ್ ಮೋಟಾರಿರುವ ಹಿಂದಿನ ಗಾಲಿಯನ್ನು ಬಿಚ್ಚುವುದು ರಗಳೆಯ ಕೆಲಸ: ಅಚ್ಚಿನ ದಪ್ಪ ನಟ್ಟುಗಳಿಗೆ ದೊಡ್ಡ ಪಾನಾ ಬೇಕು, ವೈರಿನ ಜೋಡಣೆ ಬಿಡಿಸಬೇಕು, ಮತ್ತೆ ಕೂಡಿಸುವಾಗ ವಾಶರು ತಿರುಗಾಮುರುಗಾ ಆಗಬಾರದು. ಆದರೆ ನಮ್ಮ ಓಣಿಯ ಪಂಕ್ಚರ್ ಅಂಗಡಿಯವರು "ಗಾಲಿ ಬಿಚ್ಚೂದ್ಯಾಕ್ರಿ ಸರ್, ಕೂತಲ್ಲೇ ತೆಗೀತೀನಿ" ಎಂದು ಟೈರಿನ ಒಂದು ಬದಿಯನ್ನಷ್ಟೇ ಎಬ್ಬಿಸಿ, ಟ್ಯೂಬಿನ ತೂತಿದ್ದ ಭಾಗವನ್ನು ಹೊರಗೆಳೆದು, ತೇಪೆ ಹಾಕಿ ಒಳಗೆ ತಳ್ಳಿದರು. ಭಾರದ ಸೈಕಲ್ಲಿನ ಹಿಂದಿನ ಗಾಲಿಯಲ್ಲಿ ಕಡ್ಡಿ ಮುರಿಯುವುದು ಸಾಮಾನ್ಯ, ಏಕೆಂದರೆ ಸವಾರನ ಭಾರದೊಂದಿಗೆ ಮೋಟಾರಿನ ತಿರುಚೂ ಅವುಗಳ ಮೇಲೆಯೇ ಬೀಳುತ್ತದೆ. ಆದರೆ ಕಡ್ಡಿ, ಚೈನು, ಬ್ರೇಕ್ ಪ್ಯಾಡುಗಳೆಲ್ಲ ಸಾಮಾನ್ಯ ಸೈಕಲ್ ಅಂಗಡಿಯಲ್ಲಿಯೇ ಸಿಗುತ್ತವೆ. ಹಗುರ ಸೈಕಲ್ಲಿನ ಪರದೆಯಲ್ಲಿ ಒಮ್ಮೆ ದೋಷದ ಸಂಖ್ಯೆಯೊಂದು ಕಾಣಿಸಿಕೊಂಡಾಗ ಅದನ್ನು ಓದುವ ಸಾಧನ ಈ ಭಾಗದ ಯಾವ ಅಂಗಡಿಯಲ್ಲಿಯೂ ಸಿಗದೆ ಷಡ್ಡಕರು ಸೈಕಲ್ಲನ್ನು ಬೆಂಗಳೂರಿಗೆ ಕಳಿಸಬೇಕಾಯಿತು. ಕಳಿಸಿದ ಲಗೇಜಿನ ಖರ್ಚಿಗಿಂತ ಕಾದ ದಿನಗಳು ಅವರಿಗೆ ಹೆಚ್ಚು ಬೇಸರ ತಂದವು.

ಬ್ಯಾಟರಿಯ ವಿಷಯದಲ್ಲಿ ಅಗ್ಗದವುಗಳೆಲ್ಲ ಒಂದೇ ಅಲ್ಲ. ಇನ್ನೂ ಅಲ್ಲಲ್ಲಿ ಮಾರಾಟಕ್ಕಿರುವ ಸೀಸದ ಬ್ಯಾಟರಿಯ ಸೈಕಲ್ಲನ್ನು ಮಾತ್ರ ಯಾರೂ ಕೊಳ್ಳಬಾರದೆಂದು ಹೇಳುತ್ತೇನೆ. 12 ವೋಲ್ಟಿನ ಮೂರು ಸೀಸದ ಬ್ಯಾಟರಿಗಳು ಸೇರಿ ಹನ್ನೆರಡು ಕಿಲೋದಷ್ಟು ತೂಗುತ್ತವೆ, ಲಿಥಿಯಮ್ಮಿನಲ್ಲಿ ಅದೇ ಶಕ್ತಿ ಮೂರು ಕಿಲೋದಲ್ಲಿ ಮುಗಿಯುತ್ತದೆ. ಬಾಳಿಕೆಯೂ ಲಿಥಿಯಮ್ಮಿನದೇ ಹೆಚ್ಚು. ಇಂಥ ಕಡೆ ತೂಕ ಕಡಿಮೆ ಮಾಡುವುದು ನಿಜವಾದ ಉಳಿತಾಯ. ಲಿಥಿಯಮ್ ಬ್ಯಾಟರಿ ಕೂಡ ಐನೂರು ಬಾರಿ ಪೂರ್ತಿ ತುಂಬಿ ಬರಿದಾಗುವ ಹೊತ್ತಿಗೆ ಗಮನಕ್ಕೆ ಬರುವಷ್ಟು ಸೊರಗುತ್ತದೆ, ಏಪ್ರಿಲ್-ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ನಿಂತ ಬ್ಯಾಟರಿ ಇನ್ನೂ ಬೇಗ. ಬಿಸಿಲಲ್ಲಿ ಓಡಿಸಿ ತಂದೊಡನೆ ಚಾರ್ಜಿಗೆ ಹಾಕದೆ ತಣಿಯಲು ಬಿಡುವುದು ಒಳ್ಳೆಯದು. ಹೊಸ ಬ್ಯಾಟರಿಯ ಬೆಲೆ ಅಗ್ಗದ ಸೈಕಲ್ಲಿನ ಬೆಲೆಯ ಮೂರನೆಯ ಒಂದು ಪಾಲನ್ನು ತಲುಪಬಹುದು. ಹಾಗಾಗಿ ನಾಲ್ಕು ವರ್ಷದ ನಂತರವೂ ಅದೇ ಅಳತೆಯ ಬ್ಯಾಟರಿ ಸಿಗುತ್ತದೆಯೇ ಎಂಬ ಪ್ರಶ್ನೆಯನ್ನು ಅಂಗಡಿಯವರ ಮುಂದೆ ಇಡಬೇಕು, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಂಡರೆ ಇನ್ನೂ ಒಳ್ಳೆಯದು.

ಅಣ್ಣಿಗೇರಿ, ನವಲಗುಂದ, ಗದಗಿನ ಕಡೆಯ ಓದುಗರಿಗೆ ಒಂದು ಮಾತು. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿಗೆ ಇಳಿಯುವ ಸೈಕಲ್ಲಿಗೆ ಟೈರಿನ ಮತ್ತು ಮಡ್‌ಗಾರ್ಡಿನ ನಡುವೆ ಧಾರಾಳ ಜಾಗ ಇರಲೇಬೇಕು. ಹಗುರ ಸೈಕಲ್ಲುಗಳಲ್ಲಿ ಆ ಜಾಗ ಬೆರಳು ತೂರುವಷ್ಟೇ ಇರುವುದರಿಂದ ಹತ್ತು ಹೆಜ್ಜೆಯೊಳಗೆ ಜಿಗುಟು ಮಣ್ಣು ತುಂಬಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಅಗಲ ಟೈರಿನ ಸೈಕಲ್ಲು ಅಲ್ಲಿ ಸಿಕ್ಕಿಕೊಳ್ಳುವುದಿಲ್ಲವೆಂದು ಅಲ್ಲ, ಕಡ್ಡಿಯೊಂದರಿಂದ ಮಣ್ಣು ಕೆತ್ತಿ ಮತ್ತೆ ಹೊರಡಬಹುದು. ಕ್ಯಾರಿಯರಿನ ಮೇಲೆ ಜೋಳದ ಚೀಲವನ್ನೋ ಹಾಲಿನ ಕ್ಯಾನನ್ನೋ ಹೇರುವವರಿಗೆ ಹಗುರ ಸೈಕಲ್ಲಿನ ವಿಚಾರವೇ ಬೇಡ.

ನನ್ನನ್ನು ಕೇಳಿದರೆ, ಇರುವ ಹಣದ ಮೇಲೆ ಇನ್ನು ಹತ್ತು ಹದಿನೈದು ಸಾವಿರ ಕೂಡಿಸಬಲ್ಲವರು ಅದನ್ನು ತೂಕ ಇಳಿಸುವುದಕ್ಕೆ ಹಾಕಬಾರದು. ಮೊದಲು ಹೈಡ್ರಾಲಿಕ್ ಬ್ರೇಕು, ಆಮೇಲೆ ಟಾರ್ಕ್ ಸೆನ್ಸರು, ಆಮೇಲೆ ಗೇರು, ಕೊನೆಗೆ ದೊಡ್ಡ ಬ್ಯಾಟರಿ: ಈ ಕ್ರಮದಲ್ಲಿ ಖರ್ಚು ಮಾಡಿದರೆ 22-23 ಕಿಲೋದ ಸೈಕಲ್ಲು ಕೂಡ ದುಬಾರಿ ಸೈಕಲ್ಲಿನ ಸುಖದ ಬಹುಪಾಲನ್ನು ಕೊಡುತ್ತದೆ. ಅಂಗಡಿಗೆ ಹೋದಾಗ ಮೋಟಾರನ್ನು ಬಂದ್ ಮಾಡಿ ಒಂದು ಸುತ್ತು ತುಳಿದು ನೋಡಬೇಕು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಬೇಕು, ಬ್ಯಾಟರಿಯನ್ನು ತಾವೇ ಬಿಚ್ಚಿ ಕೂಡಿಸಿ ನೋಡಬೇಕು. ಮಹಡಿಯ ಮನೆಯವರು ಅದರ ಜೊತೆಗೆ ಸೈಕಲ್ಲನ್ನೊಮ್ಮೆ ಎರಡೂ ಕೈಗಳಿಂದ ಎತ್ತಿ ಅಂಗಡಿಯ ಮೆಟ್ಟಿಲನ್ನು ಹತ್ತಿಳಿಯಬೇಕು. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.